ಕಾಳಿಯ ಜೋಡು ಗುಂಡು

ಗಾಳಿಬೀಡಿನ ಕಡೆ ಕೋವಿಯ ಸದ್ದು ಕೇಳಿದರೆ ಜನ ಇದ್ದಲ್ಲೇ ಕಿವಿ ನಿಮಿರಿಸಿ ನಿಲ್ಲುತ್ತಾರೆ. ಒಂದೇ ಗುಂಡಾದರೆ ಯಾರ ಮನೆಯಲ್ಲೋ ಗಂಡು ಹುಟ್ಟಿತೆಂದು ನಕ್ಕು ಮತ್ತೆ ಕೆಲಸಕ್ಕೆ ಬಗ್ಗುತ್ತಾರೆ. ಒಂದರ ಬೆನ್ನಿಗೇ ಇನ್ನೊಂದು ಹಾರಿತೋ, ಅದು ಸಾವು. ಆಗ ಕಣದಲ್ಲಿದ್ದವನು ಎತ್ತು ಬಿಚ್ಚುತ್ತಾನೆ, ಒಲೆಯ ಮುಂದಿದ್ದವಳು ಮಡಕೆ ಇಳಿಸಿ ಕೊಳ್ಳಿಗೆ ನೀರು ಚಿಮುಕಿಸುತ್ತಾಳೆ. ಹೆಣ ಮಣ್ಣೋ ಬೂದಿಯೋ ಆಗುವ ತನಕ ಆ ಸದ್ದು ಕೇಳಿದ ಯಾವ ಮನೆಯಲ್ಲೂ ಒಲೆ ಹೊತ್ತಬಾರದು. ಗಂಡಸರು ಬಿಳಿ ಬಟ್ಟೆ ಉಟ್ಟು ಸದ್ದು ಬಂದ ದಿಕ್ಕಿಗೆ ಹೊರಡುತ್ತಾರೆ. ಸತ್ತವರು ಯಾರೆಂದು ತಿಳಿಯುವುದು ದಾರಿಯಲ್ಲಿ, ಇಲ್ಲವೇ ಆ ಅಂಗಳ ಮುಟ್ಟಿದ ಮೇಲೆ.

ಇಂಗ್ಲಿಷರು ಕೊಡಗನ್ನು ತೆಗೆದುಕೊಂಡು ತಲೆಮಾರುಗಳೇ ಕಳೆದಿದ್ದವು. ಬೇರೆ ಸೀಮೆಯಲ್ಲಿ ಕೋವಿ ಇಡಲು ಸರ್ಕಾರದ ಅಪ್ಪಣೆ ಬೇಕಿತ್ತು. ರಾಜರ ಕಾಲದಿಂದ ವಂಶಕ್ಕೆ ಬಂದ ಇಲ್ಲಿನ ಜಮ್ಮಾ ಭೂಮಿಯ ಮನೆತನಗಳಿಗೆ ಆ ಹಂಗಿರಲಿಲ್ಲ. ಹಾಗಾಗಿ ಗುಂಡಿನ ಮರ್ಯಾದೆಯೂ ಆ ಮನೆಗಳದೇ. ತೊರೆಯ ಆಚೆ ದಂಡೆಯ ಕೇರಿಯಲ್ಲಿ ಯಾರಾದರೂ ಸತ್ತರೆ ಸುದ್ದಿ ತಿಳಿಯುವುದು ಕೇರಿಯ ನಾಯಿಗಳಿಗೆ ಮಾತ್ರ. ಕತ್ತಲಾಗುವುದರೊಳಗೆ ಗುಂಡಿ ತೋಡಿ ಮುಚ್ಚಿ, ಮಾರನೆಯ ಬೆಳಗ್ಗೆ ಎಲ್ಲರೂ ಗದ್ದೆಗೆ ಇಳಿದಿರಬೇಕು.

ಆದರೆ ಮೇಲಿನವರ ಸಾವು ಕೇರಿಯವರಿಲ್ಲದೆ ಕಳೆಯುತ್ತಿರಲಿಲ್ಲ. ಸೌದೆ ಒಡೆದು ಹೊರಲು ಅವರು ಬೇಕು, ಡೋಲು ಬಡಿಯಲು ಅವರು ಬೇಕು. ನೆಂಟರ ಊರುಗಳಿಗೆ ಸುದ್ದಿ ಮುಟ್ಟಿಸಲು ಕೇರಿಯ ಕಾಳಿ ಬೇಕು. ಅವಳ ಗಂಡ ಮಾಡುತ್ತಿದ್ದ ಕೆಲಸ ಅದು. ಅವನು ಜ್ವರದಲ್ಲಿ ಹೋದ ಮೇಲೆ ಕಾಳಿಗೆ ಬಿತ್ತು. ಜೋಡು ಗುಂಡು ಕೇಳಿದರೆ ಸಾಕು, ಅರ್ಧ ಬೆಂದ ಗಂಜಿಯ ಮಡಕೆ ಇಳಿಸಿ, ಸೀರೆ ಎತ್ತಿ ಕಟ್ಟಿ, ‘ಯಾರು? ಯಾರು?’ ಎಂದು ಎದುರು ಸಿಕ್ಕವರನ್ನೆಲ್ಲ ಕೇಳುತ್ತ ಓಡುತ್ತಿದ್ದಳು. ರಸ್ತೆಯ ತಿರುವಿನಲ್ಲಿ ಅಂಗಡಿ ಇಟ್ಟಿದ್ದ ಚನ್ನಮಲ್ಲಪ್ಪ ಉತ್ತರದ ಕಡೆಯ ಶಿವಭಕ್ತರ ಪೈಕಿ; ಅವರಲ್ಲಿ ಗುಂಡಿನ ಪದ್ಧತಿ ಇಲ್ಲ. ಆದರೂ ಅವನ ತಾಯಿ ಸತ್ತಾಗ ಶಿರಂಗಾಲದ ತನಕ ನಡೆದು ಹೋಗಿ ಅವನ ಬಂಧುಗಳಿಗೆ ತಿಳಿಸಿ ಬಂದವಳು ಕಾಳಿಯೇ.

ಅವಳ ಮಗಳು ಸಣ್ಣಿಗೆ ಚಿಕ್ಕಂದಿನಲ್ಲಿ ಆ ಸದ್ದು ಅಂದರೆ ಹಸಿವು. ಇಳಿಸಿದ ಮಡಕೆಯ ಮುಂದೆ ಕೂತು ಅತ್ತರೆ ಕಾಳಿ ಹೇಳುತ್ತಿದ್ದಳು: “ಅಳಬ್ಯಾಡ ಕಣೇ. ಅಲ್ಲಿ ಯಾರೋ ಕರೀತಾವ್ರೆ. ಕರ್ದಾಗ ಹೋಗ್ದೆ ಇರಕ್ಕಾಯ್ತದಾ?”

ಕರೆದವರು ಅಂಗಳದ ಒಳಗೆ ಬಿಡುತ್ತಿರಲಿಲ್ಲ, ಅದು ಬೇರೆ ಮಾತು.

ಕಳೆದ ಕೈಲ್ ಮುಹೂರ್ತದ ದಿನ ನಡೆದದ್ದು ಇಷ್ಟು. ಆ ದಿನ ಮನೆಮನೆಯಲ್ಲೂ ಕೋವಿ, ಕತ್ತಿಗಳನ್ನು ನಡುಮನೆಯ ದೀಪದ ಮುಂದೆ ಇಟ್ಟು ಪೂಜೆ ಮಾಡಿ, ಕೋವಿಯ ಬಾಯಿಗೆ ಕೆಂಪು ಹೂವು ಸಿಕ್ಕಿಸಿ ಹೊರಗೆ ತರುತ್ತಾರೆ. ಕೇರಿ ಇದ್ದದ್ದು ಮೇಲ್ಮನೆಯ ದೇರಪ್ಪನ ಭೂಮಿಯಲ್ಲಿ. ಹಬ್ಬದ ಕಡುಬು ಇಸಿದುಕೊಳ್ಳಲು ಕಾಳಿ ಮಗಳೊಂದಿಗೆ ಅವನ ಅಂಗಳದ ತಡಮೆಯ ಆಚೆ ನಿಂತಿದ್ದಳು. ಬೇಲಿಯ ಮೂರು ಅಡ್ಡಗಳ ಆ ತಡಮೆಯೇ ಕೇರಿಯವರಿಗೆ ಗಡಿ. ದೇರಪ್ಪ ಒಂದು ಸುತ್ತು ಕುಡಿದು ಖುಷಿಯಲ್ಲಿದ್ದ. ಮರದ ತುದಿಯ ತೆಂಗಿನಕಾಯಿಗೆ ಗುರಿಯಿಟ್ಟು ಉದುರಿಸಿದ್ದ.

“ಏನು ಕಾಳಿ, ಈ ಸದ್ದಿಗೆ ಎಷ್ಟು ಸಲ ಓಡಿದ್ದೀ ನೀನು?”

“ಯಾರು ಲೆಕ್ಕ ಇಟ್ಟವ್ರೆ ಅಯ್ಯಾ. ಓಡಿ ಓಡಿ ಹಿಮ್ಮಡಿ ಸವೀತು. ನನ್ನ ಸರದಿಗೆ ಯಾರು ಓಡ್ತಾರೋ ಕಾಣೆ.”

“ನಾನಿಲ್ವಾ? ನೀನು ಸತ್ತ ದಿನ ನಾನೇ ಹೊಡೀತೀನಿ ಕಣೇ. ಜೋಡು ಗುಂಡು! ಊರೇ ಓಡಿ ಬರ್ಲಿ.”

ಜಗಲಿಯಲ್ಲಿದ್ದವರೆಲ್ಲ ಹೋ ಎಂದು ನಕ್ಕರು. ಕಾಳಿ ನಗಲಿಲ್ಲ.

“ಕೋವಿ ಕೈಯಾಗೆ ಹಿಡ್ಕೊಂಡು ಆಡ್ತಾ ಇದ್ದೀರಿ ಅಯ್ಯಾ.”

“ಹೂಂ, ಕೈಯಲ್ಲೇ ಇದೆಯಲ್ಲ! ಕಾಣಲ್ವಾ?” ಎಂದು ಅವನು ಹೂವು ಸಿಕ್ಕಿಸಿದ ಕೋವಿಯನ್ನು ಎತ್ತಿ ತೋರಿಸಿದ. ಮತ್ತೆ ನಗು. ಒಳಗೆ ನಡುಮನೆಯ ಬಾಗಿಲಲ್ಲಿ ಕೂತಿದ್ದ ಅವನ ತಾಯಿ ಬೋಜಮ್ಮ ಮಾತ್ರ ಎಲೆ ಅಗಿಯುವುದನ್ನು ನಿಲ್ಲಿಸಿ ಮಗನ ಬೆನ್ನನ್ನೇ ನೋಡಿದರು. ದೀಪದ ಮುಂದಿಟ್ಟು ತಂದ ಕೋವಿಯನ್ನು ಹಿಡಿದು ಆಡಿದ ಮಾತು ಆ ಮನೆಯಲ್ಲಿ ಆಟದ ಮಾತಲ್ಲ.

ಸುಗ್ಗಿ ಮುಗಿಯುತ್ತ ಬಂದು, ತೆನೆಯೆಲ್ಲ ಕಣ ಸೇರಿದ್ದ ದಿನಗಳಲ್ಲಿ ಒಂದು ಬೆಳಗ್ಗೆ ಕಾಳಿ ಸತ್ತಳು. ಮಂಜು ಇನ್ನೂ ಗದ್ದೆಯ ಮೇಲೆ ಕೂತಿತ್ತು. ಹೋಗುವ ಮುಂಚೆ ಮಗಳ ಮೊಣಕೈ ಹಿಡಿದು ಒಂದೇ ಮಾತು ಹೇಳಿದ್ದಳು: “ಅಯ್ಯಂಗೆ ನೆನಪು ಮಾಡು.”

ಸಣ್ಣಿ ತಾಯಿಯ ಕಣ್ಣು ಮುಚ್ಚಿ, ದವಡೆಗೆ ಬಟ್ಟೆ ಕಟ್ಟಿ ಎದ್ದು ನಿಂತಾಗ ಗಂಡ ಕೆಂಚ ಬಾಗಿಲಿಗೆ ಅಡ್ಡ ಬಂದ.

“ಎಲ್ಲಿಗೆ?”

“ಮೇಲ್ಮನೆಗೆ.”

“ಹೆಣಬಟ್ಟೆ ಕೇಳಕ್ಕೆ ತಾನೆ?”

“ಗುಂಡು ಕೇಳಕ್ಕೆ.”

ಕೆಂಚ ಅವಳನ್ನೇ ನೋಡಿದ. “ತಲೆ ಕೆಟ್ಟದಾ ನಿಂಗೆ? ಕುಡ್ದಾಗ ಆಡಿದ್ದು ಅದು. ಇವತ್ತು ಪಟೇಲ್ರ ಕಣ. ಅವರ ಒಕ್ಕಣೆ ನಿಂತ್ರೆ ನಮ್ಮ ಚರ್ಮ ಸುಲೀತಾರೆ. ಈ ಗುಡಿಸ್ಲು ಯಾರ್ದು? ನಿಂತ ನೆಲ ಯಾರ್ದು? ಸುಮ್ನೆ ಒಂದು ಹಿಡಿ ಮಣ್ಣು ಹಾಕಿ ಬರಾಣ. ಸತ್ತವಳಿಗೆ ಸದ್ದು ಕೇಳ್ತದಾ?”

“ಕೇಳಲ್ಲ.”

“ಮತ್ತೆ?”

“ಅವಳು ನಂಗೆ ಹೇಳಿ ಹೋಗವಳೆ. ನಾನು ಬದ್ಕಿದ್ದೀನಲ್ಲ, ನಂಗೆ ಕೇಳ್ತದೆ.”

ಅವನು ಪಕ್ಕಕ್ಕೆ ಸರಿಯಲಿಲ್ಲ. ಅವಳು ಅವನ ಭುಜ ಸವರಿಕೊಂಡೇ ಹೊರಗೆ ಹೋದಳು.

ಸಣ್ಣಿ ಮೇಲ್ಮನೆಯ ತಡಮೆಯ ಹತ್ತಿರ ನಿಂತಳು. ದೇರಪ್ಪ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ.

“ಅಯ್ಯಾ, ಅವ್ವ ಹೋದ್ಲು.”

“ಅಯ್ಯೋ!” ಲೋಟ ಕೆಳಗಿಟ್ಟ. ದುಃಖ ನಿಜವಾದದ್ದೇ. “ಯಾವಾಗ? ಒಳ್ಳೇ ಮುದುಕಿ ಕಣೇ. ಒಳಗೆ ಹೇಳ್ತೀನಿ, ಒಂದು ಹೊಸ ಬಟ್ಟೆ, ಅಕ್ಕಿ ಕೊಡ್ತಾರೆ. ಹೋಗು, ಮುಂದಿನದು ನೋಡ್ಕೊಳ್ಳಿ.”

ಅವಳು ಕದಲಲಿಲ್ಲ.

“ಇನ್ನೇನು?”

“ಕೋವಿ, ಅಯ್ಯಾ.”

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ನಕ್ಕ. ಅವಳು ನಗದಿದ್ದದ್ದು ಕಂಡು ಅವನ ನಗು ಅಲ್ಲೇ ಸತ್ತಿತು.

“ಅದು ಹಬ್ಬದ ದಿನದ ಮಾತು ಸಣ್ಣಿ.”

“ಹೂಂ ಅಯ್ಯಾ. ಹಬ್ಬದ ದಿನದ್ದೇ.”

“ಊರವರು ಏನಂದಾರು?”

ಅವಳು ತಡಮೆಯ ಮರವನ್ನು ಹಿಡಿದು ನಿಂತಳು. ಅಂಗಳದ ಕೋಳಿಗಳು ಕಾಳು ಹೆಕ್ಕುತ್ತಿದ್ದವು. ದೇರಪ್ಪನ ಹೆಂಡತಿ ಯಮುನ ಬಾಗಿಲಿಗೆ ಬಂದು, ಗಂಡನ ಮುಖ ನೋಡಿ ಅಲ್ಲೇ ನಿಂತಳು. ಒಳಗಿನಿಂದ ಬೋಜಮ್ಮನ ಗಂಟಲು ಕೇಳಿಸಿತು. ತಿಂಗಳಿಂದ ಹಾಸಿಗೆ ಹಿಡಿದಿದ್ದರೂ ದನಿ ಮಾತ್ರ ಸೊರಗಿರಲಿಲ್ಲ.

“ಯಾರೋ ಅದು, ಕಾಳಿ ಮಗಳಾ? ಕಾಳಿ ಹೋದ್ಲಾ?”

“ಹೂಂ ದೊಡ್ಡಮ್ಮೋರೇ.”

“ನನಗಿಂತ ಚಿಕ್ಕೋಳು ಅವಳು, ನನ್ನ ಹಿಂದೆ ಹಾಕಿ ಹೋದ್ಲಲ್ಲ!” ಸ್ವಲ್ಪ ತಡೆದು, “ದೇರಪ್ಪಾ, ಏನು ಮಾಡ್ತಾ ಇದ್ದೀಯೋ ಅಲ್ಲಿ? ದೀಪ ಸಾಕ್ಷಿ ಇಟ್ಟು ಆಡಿದವನು ನೀನು. ನಾನು ಹೇಳಿಕೊಟ್ಟಿರಲಿಲ್ಲ.”

ದೇರಪ್ಪ ಎದ್ದ. ಒಳಗೆ ಹೋಗಿ ಜೋಡು ನಳಿಗೆಯ ಕೋವಿ ತಂದ. ಮುಖದಲ್ಲಿ ಕೋಪವೋ ನಾಚಿಕೆಯೋ ಸಣ್ಣಿಗೆ ತಿಳಿಯಲಿಲ್ಲ. ಹಲ್ಲುನೋವಿನವನು ಕಷಾಯವನ್ನು ಒಂದೇ ಗುಟುಕಿಗೆ ಮುಗಿಸುವಂತೆ, ಅಂಗಳದ ನಡುವೆ ನಿಂತು ಆಕಾಶಕ್ಕೆ ಒಂದು ಹೊಡೆದ. ಬೆನ್ನಿಗೇ ಇನ್ನೊಂದು.

ಸದ್ದು ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗಿತು. ಕೋಳಿಗಳು ಚದುರಿದವು. ಕೆಳಗೆ ಪಟೇಲರ ಕಣದಿಂದ ಕೇಳಿಬರುತ್ತಿದ್ದ ಎತ್ತಿನ ಗಂಟೆಯ ಸದ್ದು ಥಟ್ಟನೆ ನಿಂತಿತು.

ಆ ನಿಶ್ಶಬ್ದ ಕೇಳಿಯೇ ದೇರಪ್ಪ ಬಿಳಿಚಿಕೊಂಡ. “ಆಯ್ತಲ್ಲ, ನೀನಿನ್ನು ಹೋಗು,” ಅಂದ.

“ಆಗಲ್ಲ ಅಯ್ಯಾ. ಬಂದವರಿಗೆ ಯಾರು ಅಂತ ಹೇಳಬೇಕಲ್ಲ. ಸತ್ತ ಮನೆಯವರೇ ಹೇಳಬೇಕು.”

ಅದೂ ಪದ್ಧತಿಯೇ.

ಮೊದಲು ಬಂದವರು ಪಕ್ಕದ ತೋಟದ ಅಣ್ಣತಮ್ಮಂದಿರು, ಬಿಳಿ ಪಂಚೆ ಉಡುತ್ತಲೇ ಓಡಿ ಬಂದಿದ್ದರು. ಆಮೇಲೆ ಚನ್ನಮಲ್ಲಪ್ಪ. ಆಮೇಲೆ ಕಣದಿಂದ ನೇರವಾಗಿ, ತಲೆಯಲ್ಲಿ ಹುಲ್ಲಿನ ಚೂರು ಹೊತ್ತು ಪಟೇಲರು. ಹಿಂದೆಯೇ ಇಬ್ಬರು, ಮೂವರು, ಕಡೆಗೆ ಅಂಗಳವೇ ಬೆಳ್ಳಗಾಯಿತು. ಎಲ್ಲರ ಮನಸ್ಸಿನಲ್ಲೂ ಹಾಸಿಗೆ ಹಿಡಿದ ಬೋಜಮ್ಮ. ಪಟೇಲರು ದೇರಪ್ಪನ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು.

“ಮಹಾತಾಯಿ ಕಣಪ್ಪ. ಅವರ ಕೈತುತ್ತು ತಿಂದು ಬೆಳೆದವನು ನಾನು. ಇನ್ನು ಅಂಥೋರು ಹುಟ್ಟಲ್ಲ.”

ದೇರಪ್ಪ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಕೋಲು ಕುಟ್ಟಿದ ಸದ್ದಾಯಿತು. ಯಮುನಳ ಭುಜ ಹಿಡಿದುಕೊಂಡು ಬೋಜಮ್ಮ ಜಗಲಿಗೆ ಬಂದು ಕೂತರು.

“ಕೈತುತ್ತು ತಿಂದವನೇ, ಬದುಕಿದ್ದಾಗ ಒಂದು ದಿನ ನೋಡೋಕೆ ಬರಲಿಲ್ಲ. ಸತ್ತೆ ಅಂದ ಕೂಡ್ಲೆ ಬಂದ್ಯಲ್ಲ!”

ಯಾರೋ ಒಬ್ಬ ಕಿಸಕ್ಕೆಂದ. ಪಟೇಲರು ಅತ್ತ ತಿರುಗಿ ನೋಡಿದ್ದಕ್ಕೆ ಆ ನಗು ಒಳಗೇ ಹೋಯಿತು. ಅವರು ಕೇಳಿದರು: “ಹಾಗಾದ್ರೆ ಯಾರು?”

ಎಲ್ಲರೂ ಒಬ್ಬರನ್ನೊಬ್ಬರು ನೋಡಿದರು. ಸಣ್ಣಿ ತಡಮೆಯ ಆಚೆಯಿಂದ ಹೇಳಿದಳು. ಗಟ್ಟಿಯಾಗಿ ಹೇಳಬೇಕೆಂದಿದ್ದಳು, ಬಂದದ್ದು ಅರ್ಧ ದನಿ.

“ನಮ್ಮವ್ವ. ಕಾಳಿ.”

ಅಂಗಳದಲ್ಲಿ ಯಾರೂ ಅಳ್ಳಾಡಲಿಲ್ಲ.

“ಕಾಳಿಗಾ?” ಪಟೇಲರು ದೇರಪ್ಪನ ಕಡೆ ತಿರುಗಿದರು. ದನಿ ತಗ್ಗಿತ್ತು. ಅದೇ ಹೆದರಿಕೆ ಹುಟ್ಟಿಸುವಂತಿತ್ತು. “ನನ್ನ ಕಣದಲ್ಲಿ ತೆನೆ ಹರಡಿದೆ. ಎತ್ತು ಬಿಚ್ಚಿ ಬಂದಿದ್ದೀನಿ. ಮನೇಲಿ ಒಲೆ ಆರಿಸಿದ್ದಾರೆ. ಒಬ್ಬ ಕೇರಿಯವಳಿಗಾ?”

“ಮಾತು ಕೊಟ್ಟಿದ್ದೆ,” ಅಂದ ದೇರಪ್ಪ.

“ಮಾತು ಕೊಡೋಕೆ ಕೋವಿ ನಿನ್ನೊಬ್ಬಂದಾ? ನಾಳೆ ಇನ್ನೊಬ್ಬ ಕೇಳ್ತಾನೆ. ನಾಡಿದ್ದು ಎಸ್ಟೇಟ್ ಲೈನಿನ ಕೂಲಿಯವರು ಕೇಳ್ತಾರೆ. ಸರ್ಕಾರದ ಪಾರುಪತ್ತೇಗಾರರ ಕಿವಿಗೆ ಬಿದ್ರೆ, ಇವರಿಗೆ ಕೋವಿ ಆಟದ ಸಾಮಾನಾಯ್ತು ಅಂತ ಹಕ್ಕೇ ಕಿತ್ಕೊಂಡಾರು.”

ಮಾತು ಅಲ್ಲಿಂದ ಕವಲೊಡೆಯಿತು. ಎಲ್ಲರಿಗೂ ಹೇಳುವುದಿತ್ತು.

“ಅಲ್ಲಾ, ಅವಳಿಗೇನು ಕಮ್ಮಿ ಆಗಿತ್ತು ಅಂತ ಈ ಆಸೆ?” ಅಂದ ಚನ್ನಮಲ್ಲಪ್ಪ. “ಹೊಟ್ಟೆಗೆ ಅನ್ನ, ವರ್ಷಕ್ಕೊಂದು ಸೀರೆ, ತಲೆ ಮೇಲೆ ಸೂರು. ಚಿಂತೆ ಅನ್ನೋದು ಗೊತ್ತಿತ್ತಾ ಅವಳಿಗೆ? ನಾನು ಅಂಗಡಿ ಬಾಗಿಲು ಹಾಕಿ ಮಲಗಿದ್ರೆ ನಿದ್ದೆ ಹತ್ತಲ್ಲ. ಅವಳು ನನ್ನ ಅಂಗಡಿ ಮುಂದಿನ ಮರದ ಕೆಳಗೇ ಗೊರಕೆ ಹೊಡೀತಿದ್ಲು. ಸುಖ ಯಾರ್ದು ಸ್ವಾಮಿ?”

“ಅವರ ಕಷ್ಟ ಅವರೇ ಮಾಡಿಕೊಂಡಿದ್ದು. ಹೆಂಡ ಬಿಟ್ರೆ ಅರ್ಧ ಬದುಕು ನೆಟ್ಟಗಾಗುತ್ತೆ,” ಎಂದ ತೋಟದ ಅಣ್ಣ.

“ನಿನ್ನ ಬಾಯಿಂದ ಹೆಂಡದ ಮಾತಾ?” ಎಂದ ತಮ್ಮ.

“ಹಣೇಲಿ ಬರೆದದ್ದು. ಅದನ್ನ ಗುಂಡು ಹೊಡೆದು ಅಳಿಸೋಕಾಗುತ್ತಾ?” ಅಂದರು ಒಬ್ಬ ಮುದುಕರು. ಆಮೇಲೆ ಯಾಕೋ ಗಡ್ಡ ಕೆರೆದುಕೊಂಡು, “ನಮ್ಮ ಮನೆಯವಳು ಸತ್ತಾಗ ಮಾತ್ರ ಕಾಳಿ ಮೂರು ಊರು ಸುತ್ತಿ ಬಂದ್ಲು, ಆ ಮಳೇಲಿ,” ಎಂದು ಸೇರಿಸಿದರು. ಯಾರೂ ಅದಕ್ಕೆ ಕಿವಿಗೊಡಲಿಲ್ಲ.

“ಸುಖವಾಗಿದ್ಲು ಅಂತೀಯಲ್ಲ ಚನ್ನಮಲ್ಲಪ್ಪ,” ಬೋಜಮ್ಮ ಜಗಲಿಯಿಂದ ಕೇಳಿದರು, “ಅಷ್ಟು ಸುಖದ ಜಾಗ ಅಂದ್ರೆ ನಿನ್ನ ಮಗಳನ್ನ ಆ ಕೇರಿಗೇ ಕೊಡು.”

ಚನ್ನಮಲ್ಲಪ್ಪನ ಮುಖ ಕಪ್ಪಿಟ್ಟಿತು. “ಹಿರಿಯರು ನೀವು, ಏನಂದ್ರೂ ಸೈ,” ಎಂದು ಹೆಗಲ ವಸ್ತ್ರ ಸರಿಮಾಡಿಕೊಂಡ.

ಪಟೇಲರು ಕೈ ಎತ್ತಿದರು. “ಸುಖ ದುಃಖದ ಪಂಚಾಯಿತಿ ಸಾಕು. ಇದಕ್ಕೊಂದು ದಾರಿ ಇದೆ. ದೇರಪ್ಪ ಕೋವಿ ಒರೆಸ್ತಾ ಇದ್ದ, ಕೈತಪ್ಪಿ ಹಾರಿತು. ಅಷ್ಟೇ. ಸಾವಿನ ಗುಂಡೇ ಅಲ್ಲ ಅದು. ನಾವೆಲ್ಲ ಮನೆಗೆ ಹೋಗ್ತೀವಿ, ಒಲೆ ಹೊತ್ತಿಸ್ತೀವಿ, ಮುಗೀತು.”

“ಕೈ ಒಂದು ಸಲ ತಪ್ಪುತ್ತೆ,” ಅಂದರು ಬೋಜಮ್ಮ. “ಎರಡು ಸಲ ತಪ್ಪೋದು ಹ್ಯಾಗೆ?”

“ನಿಮ್ಮ ಮಗ, ನಿಮ್ಮ ಮನೆ. ಒಪ್ಪದಿದ್ರೆ ಬೇಡ. ನಾಳೆಯಿಂದ ಈ ಅಂಗಳಕ್ಕೆ ಊರವರು ಕಾಲಿಡಲ್ಲ. ಮದುವೆಗೂ ಇಲ್ಲ, ಮಣ್ಣಿಗೂ ಇಲ್ಲ. ನೀವು ಹೋದ ದಿನ ಅವನು ಎಷ್ಟು ಗುಂಡು ಹೊಡೆದ್ರೂ ಬರೋವರಿಲ್ಲ.”

ಬೋಜಮ್ಮ ಕೋಲನ್ನು ಮಡಿಲಿಗೆ ಎಳೆದುಕೊಂಡರು. ದೇರಪ್ಪ ತಾಯಿಯನ್ನು ನೋಡಿದ, ನೆಲ ನೋಡಿದ. ಆಗ ಪಟೇಲರು ತಡಮೆಯ ಕಡೆ ನಡೆದು ಬಂದು, ಮೈಲಿಗೆಯ ದೂರ ಬಿಟ್ಟು ನಿಂತರು.

“ಎಲೇ, ನೀನೂ ಕೇಳ್ಕೋ. ನೀನೇ ನೋಡಿದವಳು ತಾನೆ? ಕೈತಪ್ಪಿ ಹಾರಿತು ಅಂತ ಹೇಳಿಬಿಡು. ಯಾರೂ ನಿನ್ನ ತಂಟೆಗೆ ಬರಲ್ಲ. ಹೇಳದಿದ್ರೆ, ಸಂಕ್ರಾಂತಿಗೆ ಈ ಕೇರಿ ಬಿಟ್ಟು ಹೋಗಬೇಕು ನೀನು, ನಿನ್ನ ಗಂಡ. ದೇರಪ್ಪ ಬಿಡಿಸದಿದ್ರೆ ನಾವು ಅವನ ಕೈಲಿ ಬಿಡಿಸ್ತೀವಿ. ನಿನ್ನವ್ವನಿಗೆ ಹೊಟ್ಟೆ ಬಟ್ಟೆಗೆ ಕಮ್ಮಿ ಇತ್ತಾ? ಚೆನ್ನಾಗಿ ಬಾಳಿದ್ಲೋ ಇಲ್ವೋ, ಹೇಳು.”

ಸಣ್ಣಿಗೆ ಆ ಪ್ರಶ್ನೆಯ ಬಾಯಿ ಎರಡೂ ಕಡೆಯಿಂದ ಕಚ್ಚುವಂಥದ್ದೆಂದು ತಿಳಿಯಿತು. ಚೆನ್ನಾಗಿ ಬಾಳಿದಳು ಅಂದರೆ, ಮತ್ತೆ ಗುಂಡು ಯಾಕೆ? ಇಲ್ಲ ಅಂದರೆ, ಅನ್ನ ಕೊಟ್ಟ ಮನೆಯ ಮುಖಕ್ಕೆ ಮಸಿ. ಹಿಂದಿನಿಂದ ಯಾರೋ ಏದುಸಿರು ಬಿಡುತ್ತಿದ್ದರು. ತಿರುಗಿದರೆ ಕೆಂಚ. ಯಾವಾಗ ಬಂದನೋ, ಹಲಸಿನ ಮರದ ಬುಡದಲ್ಲಿ ಮುದುಡಿ ನಿಂತು, ‘ಹೇಳಿಬಿಡೇ’ ಎಂಬಂತೆ ಕಣ್ಣು ಮಾಡುತ್ತಿದ್ದ. ಅವಳಿಗೆ ಅವನ ಮೇಲೆ ಕೋಪ ಬರಲಿಲ್ಲ. ಕಳೆದುಹೋಗಲಿದ್ದ ಗುಡಿಸಲಿನ ಸೂರು ಅವನು ತನ್ನ ಕೈಯಾರೆ ಹೊದಿಸಿದ್ದು.

“ನಮ್ಮವ್ವ ಚೆನ್ನಾಗಿ ಬಾಳಿದ್ಲೋ ಇಲ್ವೋ ನಂಗೆ ಗೊತ್ತಿಲ್ಲ ಪಟೇಲ್ರೇ,” ಅಂದಳು. “ಅನ್ನ ಇತ್ತು, ಇಲ್ಲ ಅನ್ನಲ್ಲ. ಕೆಲವು ದಿನ ಇರ್ತಿರಲಿಲ್ಲ. ಅದನ್ನ ಅವಳು ಯಾವತ್ತೂ ಆಡಿದವಳಲ್ಲ. ಒಂದು ಮಾತು ಆಡ್ತಿದ್ಲು. ‘ನಾನು ಯಾರು ಸತ್ರು ಅಂತ ತಿಳೀದೇನೇ ಮಡಕೆ ಇಳಿಸಿ ಓಡ್ತೀನಿ, ನಂಗೆ ಅಂತ ಯಾರಾದ್ರೂ ಒಬ್ಬರು ಮಡಕೆ ಇಳಿಸಿದ್ರೆ ಸಾಕಿತ್ತು’ ಅಂತ.” ಅಂಗಳದ ತುಂಬ ನಿಂತ ಬಿಳಿ ಬಟ್ಟೆಗಳನ್ನು ನೋಡಿದಳು. “ನೀವೂ ಯಾರು ಅಂತ ತಿಳೀದೇ ಬಂದ್ರಿ. ಅವಳು ಹ್ಯಾಗೆ ಬರ್ತಿದ್ಲೋ ಹಾಗೇ. ಈಗ ತಿಳೀತು, ಹೋಗ್ತೀವಿ ಅಂದ್ರೆ ಹೋಗಿ. ತಡೆಯೋಕೆ ನಾನ್ಯಾರು? ಆದ್ರೆ ನಾನು ಕೇಳಿದ್ದು ಎರಡು. ಕೈತಪ್ಪಿದ್ದು ನಾನು ಕಾಣ್ಲಿಲ್ಲ.”

ಕೆಂಚ ಮರದ ಬುಡದಲ್ಲೇ ಕುಕ್ಕರಿಸಿ ತಲೆಯ ಮೇಲೆ ಕೈ ಹೊತ್ತ.

ಪಟೇಲರು ತಿರುಗಿದರು. “ದೇರಪ್ಪಾ. ನೀನು ಹೇಳು.”

ಎಲ್ಲರ ಕಣ್ಣೂ ಅವನ ಮೇಲೆ. ಕೋವಿ ಇನ್ನೂ ಅವನ ಕೈಯಲ್ಲೇ ಇತ್ತು. ಅವನು ಅದನ್ನು ಜಗಲಿಯ ಕಂಬಕ್ಕೆ ಒರಗಿಸಿದ. ಸಣ್ಣಿಗೆ ಆಗಲೇ ಗೊತ್ತಾಯಿತು.

“ಕೈತಪ್ಪಿ ಹೋಯ್ತು,” ಅಂದ ದೇರಪ್ಪ. ಯಾರ ಕಡೆಯೂ ನೋಡದೆ.

ಅಂಗಳದಲ್ಲಿ ಉಸಿರು ಬಿಟ್ಟ ಸದ್ದಾಯಿತು. “ಹಾಗನ್ನು ಮತ್ತೆ!” ಎಂದರು ಯಾರೋ. ಪಟೇಲರು ಯಮುನಳ ಕಡೆ ನೋಡಿ, “ಒಲೆ ಹೊತ್ತಿಸಮ್ಮ, ಎಲ್ಲರಿಗೂ ಒಂದೊಂದು ಲೋಟ ಕಾಫಿ ಆಗಲಿ,” ಎಂದು ನಕ್ಕರು. ಯಮುನ ನಗಲಿಲ್ಲ. ಅತ್ತೆಯನ್ನು ಎಬ್ಬಿಸಿ ಒಳಗೆ ಕರೆದುಕೊಂಡು ಹೋದವಳು ಹೊರಗೆ ಬರಲೇ ಇಲ್ಲ. ಸ್ವಲ್ಪ ಹೊತ್ತು ಕಾದು ಜನ ಚದುರಿದರು.

ಸಣ್ಣಿ ಗಂಡನ ಹಿಂದೆ ಇಳಿಜಾರು ಇಳಿದಳು. ತೊರೆ ದಾಟುವಾಗ ಕೆಂಚ, “ಸಂಕ್ರಾಂತಿಗೆ ಎಲ್ಲಿಗೆ ಹೋಗಾಣ?” ಅಂದ.

“ಮಾಕುಟ್ಟದ ಕಡೆ ಕಾಡು ಕಡೀತಾವ್ರಂತೆ.”

“ಅಲ್ಲಿ ಆನೆ.”

“ಇಲ್ಲಿ ಪಟೇಲ್ರು,” ಅಂದಳು. ಅವನಿಗೆ ಅಂಥ ಹೊತ್ತಿನಲ್ಲೂ ನಗು ಬಂತು, ಅದನ್ನು ಕೆಮ್ಮಿನಂತೆ ಮಾಡಿದ.

ಕೇರಿಯವರು ಬಿದಿರು ಕಡಿದು ಚಟ್ಟ ಕಟ್ಟುತ್ತಿದ್ದರು. ಹಾದಿಯ ಕಡೆ ಮುಖ ಮಾಡಿ ಕೂತಿದ್ದ ಪಕ್ಕದ ಗುಡಿಸಲಿನ ಮುದುಕಿ ಮಾರಿ, “ಗುಂಡು ಕೇಳಿಸ್ತು ಕಣೇ! ಜೋಡು! ಯಾರ್ಯಾರು ಬತ್ತಾವ್ರೆ?” ಎಂದಳು. ಅವಳ ಮುಖದ ಸಡಗರ ನೋಡಲಾರದೆ ಸಣ್ಣಿ, “ಯಾರೂ ಇಲ್ಲ. ಕೈತಪ್ಪಿ ಹಾರಿದ್ದಂತೆ,” ಎಂದು ಒಳಗೆ ಹೋಗಿ ತಾಯಿಯ ಪಕ್ಕ ಕೂತಳು. ಅಳು ಬರಲಿಲ್ಲ. ತಾಯಿಯ ಹಿಮ್ಮಡಿಯ ಬಿರುಕುಗಳನ್ನು ನೀರಲ್ಲಿ ತೊಳೆದಳು. ಎಷ್ಟು ತೊಳೆದರೂ ಕೆಂಪು ಮಣ್ಣಿನ ಗೆರೆ ಹೋಗಲಿಲ್ಲ.

ಬಿಸಿಲು ನೆತ್ತಿಗೆ ಬಂತು. ಹೊರಗಿನಿಂದ ಮಾರಿ ಕೂಗಿದಳು.

“ಸಣ್ಣೀ, ಬಾರೇ ಇಲ್ಲಿ.”

“ಏನಜ್ಜೀ?”

“ಬಾ ಅಂದ್ರೆ. ಮ್ಯಾಲೆ ನೋಡು.”

ಕೇರಿ ಇರುವುದು ತಗ್ಗಿನಲ್ಲಿ. ಅಲ್ಲಿ ನಿಂತರೆ ಎದುರಿನ ಏರಿನಲ್ಲಿ ಮನೆಗಳ ಸೂರೆಲ್ಲ ಕಾಣುತ್ತವೆ. ಅಡಿಗೆಯ ಹೊತ್ತಿಗೆ ಹೊಗೆ ಹಂಚಿನ ಸಂದಿಯಿಂದ, ಹುಲ್ಲಿನ ಹೊದಿಕೆಯಿಂದ ಜಿನುಗಿ, ಗುಡ್ಡಕ್ಕೆ ನೀಲಿ ಕಂಬಳಿ ಹೊದಿಸಿದಂತೆ ನಿಲ್ಲುತ್ತದೆ. ಆ ದಿನ ಗುಡ್ಡ ಬರಿಮೈಯಲ್ಲಿತ್ತು.

ಸಣ್ಣಿ ನಂಬಲಿಲ್ಲ. ತಡವಾಗಿರಬೇಕು, ಈಗ ಹೊತ್ತಿಸುತ್ತಾರೆ ಎಂದುಕೊಂಡಳು. ಕಣ್ಣಿಗೆ ಕೈ ಅಡ್ಡ ಹಿಡಿದು ಒಂದೊಂದೇ ಸೂರನ್ನು ನೋಡಿದಳು. ಮೇಲ್ಮನೆ: ಇಲ್ಲ. ತೋಟದವರದು: ಇಲ್ಲ. ಆ ಮುದುಕರ ಮನೆ: ಇಲ್ಲ. ಕೆಳಗೆ ಪಟೇಲರ ಮನೆಯಿಂದ ಮಾತ್ರ ದಟ್ಟವಾದ ಹೊಗೆ ನೆಟ್ಟಗೆ ಏಳುತ್ತಿತ್ತು.

“ಅಂಗಡಿ ನೋಡೇ, ಅಂಗಡಿ!” ಎಂದಳು ಮಾರಿ.

ರಸ್ತೆಯ ತಿರುವಿನ ಸೂರಿನಿಂದ ತೆಳ್ಳನೆಯ ಹೊಗೆ ಎದ್ದಿತು. ಒಂದು ಎದ್ದರೆ ಸಾಕು, ಉಳಿದವೂ ಏಳುತ್ತವೆ. ಇಡೀ ಕೇರಿಯೇ ಕೆಲಸ ನಿಲ್ಲಿಸಿ ಆ ಸೂರನ್ನೇ ನೋಡುತ್ತ ನಿಂತಿತು. ಹೊಗೆ ಕಪ್ಪಾಯಿತು. ಆಮೇಲೆ ಥಟ್ಟನೆ ಬೆಳ್ಳನೆಯ ಹಬೆ ಬುಸ್ಸೆಂದು ಮೇಲೆದ್ದು ನಿಂತುಹೋಯಿತು. ಯಾರೋ ಒಲೆಗೆ ಕೊಡ ಸುರಿದಂತೆ. ಹಿಂದೆಯೇ ಗಾಳಿಯಲ್ಲಿ ಚನ್ನಮಲ್ಲಪ್ಪನ ಕೂಗು, ಅದರ ಮೇಲೆ ಅವನ ಹೆಂಡತಿ ವಿಮಲಮ್ಮನ ಕೂಗು. ಮಾತು ಕೇಳಿಸಲಿಲ್ಲ. ಯಾರ ದನಿ ಮೇಲಾಯಿತೆಂಬುದು ಕೇಳಿಸಿತು.

“ಗೆದ್ಲು,” ಎಂದಳು ಮಾರಿ, ಬೊಚ್ಚುಬಾಯಿ ತೆರೆದು.

ಅದು ಕಾಳಿಯ ಮೇಲಿನ ಗೌರವವೋ, ಜೋಡು ಗುಂಡು ಕೇಳಿದ ಮೇಲೆ ಒಲೆ ಹೊತ್ತಿಸಿದರೆ ಏನಾದರೂ ಕೇಡಾದೀತೆಂಬ ಹೆದರಿಕೆಯೋ, ಸಣ್ಣಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನಿಸಲಿಲ್ಲ. ಅಂಗಳದಲ್ಲಿ ಗಂಡಸರು ಆಡಿದ ಮಾತು ಒಲೆಯ ತನಕ ಹೋಗಿ ಅಲ್ಲಿ ನಿಂತಿತ್ತು. ಅವಳು ಒಂದು ಗಳಿಗೆ ಆ ಬರಿಯ ಸೂರುಗಳನ್ನು ನೋಡುತ್ತಿದ್ದಳು. ಆಮೇಲೆ ಚಿಕ್ಕಂದಿನ ಹಸಿವು ನೆನಪಾಯಿತು; ಇಳಿಸಿದ ಮಡಕೆ, ಅದರ ಮುಂದೆ ಅಳುತ್ತ ಕೂತ ಮಗು.

“ಬೇಗ ಎತ್ತಿ,” ಎಂದಳು ಕೆಂಚನಿಗೆ. “ಮ್ಯಾಲೆ ಮಕ್ಕಳಿದಾವೆ. ಹಸಿದಿರ್ತಾವೆ.”

ತೊರೆಯ ದಡದ ಹೊಂಗೆಯ ಕೆಳಗೆ ಕಾಳಿಯನ್ನು ಮಣ್ಣು ಮಾಡಿದರು. ಕಡೆಯ ಹಿಡಿ ಹಾಕಿದ ಕೂಡಲೇ ಸಣ್ಣಿ ತೊರೆಯಲ್ಲಿ ಮುಳುಗೆದ್ದು, ಒದ್ದೆ ಸೀರೆ ಎತ್ತಿ ಕಟ್ಟಿ ಓಡಿದಳು. ಮಣ್ಣಾಯಿತೆಂದು ಮನೆಮನೆಗೆ ತಿಳಿಸುವುದೂ ಆ ಕೆಲಸದ ಕಡೆಯ ಭಾಗವೇ. ಇಷ್ಟು ದಿನ ಅದನ್ನು ಮಾಡುತ್ತಿದ್ದವಳು ಮಣ್ಣಿನೊಳಗಿದ್ದಳು. ಅಂಗಡಿಯ ಹಿತ್ತಲಿನಲ್ಲಿ ನಿಂತು, “ಅಮ್ಮೋರೇ, ಮಣ್ಣಾಯ್ತು,” ಎಂದಳು. ವಿಮಲಮ್ಮ ಕಿಟಕಿಯಿಂದ ತಲೆ ಆಡಿಸಿದರು. ತೋಟದ ಮನೆ, ಮುದುಕರ ಮನೆ, ಎಲ್ಲ ಕಡೆ ಬೇಲಿಯ ಆಚೆಯಿಂದಲೇ ಅದೇ ಮಾತು. ಪಟೇಲರ ಮನೆಯ ಮುಂದೆ ನಿಲ್ಲಲಿಲ್ಲ. ಅಲ್ಲಿ ಯಾರೂ ಕಾದಿರಲಿಲ್ಲ.

ಕಡೆಗೆ ಮೇಲ್ಮನೆಯ ತಡಮೆ. ಅದನ್ನು ಹಿಡಿದಾಗ ಬೆಳಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ದೇರಪ್ಪ ಅಂಗಳದಲ್ಲಿ ಒಬ್ಬನೇ ಅಡ್ಡಾಡುತ್ತಿದ್ದ. ಮುಖ ಬಾಡಿತ್ತು, ಬೆಳಗಿನ ಕಾಫಿ ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಅವಳನ್ನು ಕಂಡು ನಿಂತ.

“ಅಯ್ಯಾ, ಮಣ್ಣಾಯ್ತು.”

ಯಾರದು, ನನಗೇಕೆ ಹೇಳುತ್ತೀ ಎಂದು ಅವನು ಕೇಳಬಹುದಿತ್ತು. ಕೈತಪ್ಪಿ ಹಾರಿದ ಗುಂಡಿಗೆ ಮಣ್ಣಿನ ಸುದ್ದಿ ಬರುವುದಿಲ್ಲ. ಅವಳು ತಡಮೆಯ ಮರವನ್ನು ಬಿಗಿಯಾಗಿ ಹಿಡಿದು ಕಾದಳು. ದೇರಪ್ಪ ತೊರೆಯ ಕಡೆ ನೋಡಿದ. ಕೆಳಗೆ ಪಟೇಲರ ಸೂರಿನ ಕಡೆ ನೋಡಿದ. ಬಾಗಿಲಲ್ಲಿ ಯಮುನ ಬಂದು ನಿಂತಿದ್ದಳು, ಕೈಯಲ್ಲಿ ಒಲೆಗಿಡುವ ಒಣ ಪುಳ್ಳೆ.

ಸಾವಿನ ಮನೆಯ ಮುಂದೆ ನಿಂತವನಂತೆ ಅವನು ಹೆಗಲ ಮೇಲಿನ ಬಟ್ಟೆ ಇಳಿಸಿ ಕೈಗೆ ತೆಗೆದುಕೊಂಡ.

“ಎಲ್ಲಿ ಮಾಡಿದ್ರಿ?”

“ಹೊಂಗೆ ಮರದ ಕೆಳಗೆ ಅಯ್ಯಾ.”

“ಹೂಂ,” ಅಂದ. ಸಂಕ್ರಾಂತಿಯ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅವನು ಮನೆಯ ಕಡೆ ತಿರುಗಿ, ಪಕ್ಕದ ತೋಟಕ್ಕೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

“ಯಮುನಾ, ಕಾಳಿ ಮಣ್ಣಾಯ್ತಂತೆ. ಒಲೆ ಹೊತ್ತಿಸು.”